ಕಾಯ ಕಾಯುವ ಕಾವು

ರಾಯಚೂರಿನ ಬಸ್ ನಿಲ್ದಾಣದ ಹೊರಗಿನ ಒಂದು ಔಷಧ ಅಂಗಡಿ. ಸಂಜೆ ಆರೂವರೆ. ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ತಲೆನೋವಿನ ಗುಳಿಗೆಗೆಂದು ನಿಂತಿದ್ದೆ. ನನ್ನ ಮುಂದೆ ಇಪ್ಪತ್ತೆರಡರ ಆಸುಪಾಸಿನ ಹುಡುಗ. ಬಿಗಿಯಾದ ಜೀನ್ಸು, ಅಂಗಿಯ ತುಂಬ ಹತ್ತಿಯ ಧೂಳು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, “ಅಣ್ಣಾ, ಆ ಟ್ಯೂಬು ಕೊಡ್ರಿ” ಅಂದ.

ಯಾವ ಟ್ಯೂಬು ಎಂದು ಅಂಗಡಿಯವರು ಕೇಳಲಿಲ್ಲ. “ಮತ್ತ ಬಂತೇನು?” ಅಂದರು.

“ಹ್ಞೂನ್ರಿ. ಹೋಗಿತ್ತು, ಮತ್ತ ಬಂದೈತಿ. ರಾತ್ರಿ ಆತಂದ್ರ ನಿದ್ದಿ ಇಲ್ಲ, ಬರೇ ಕಡಿತ.”

“ಮೈಯಾಗ ಕಾವು ಬಾಳ ಆಗೈತಿ ತಮ್ಮಾ. ಮಜ್ಜಿಗಿ ಕುಡಿ. ಕೋಳಿ, ಬದನಿಕಾಯಿ ಬಿಡು.”

ಟ್ಯೂಬು ಹಳೆಯ ಪತ್ರಿಕೆಯ ತುಂಡಿನಲ್ಲಿ ಸುತ್ತಿಕೊಂಡು ಹುಡುಗನ ಜೇಬು ಸೇರಿತು. ರೋಗ ಗೊತ್ತು ಮಾಡಿದ್ದು, ಕಾರಣ ಹೇಳಿದ್ದು, ಔಷಧ, ಪಥ್ಯ ಎಲ್ಲ ಸೇರಿ ಅರ್ಧ ನಿಮಿಷ ಹಿಡಿಯಲಿಲ್ಲ. ನಾನು ನಗಲಿಲ್ಲ. ಅದೇ ಮಾತು ಕೇಳಿ, ಅಂಥದೇ ಟ್ಯೂಬು ತಂದು, ಬೇಸಿಗೆಯೆಲ್ಲ ಮಜ್ಜಿಗೆ ಕುಡಿದವನು ನಾನೂ ಹೌದು. ಗಜಕರ್ಣ ನನಗೆ ಮೂರು ಸಲ ಬಂದಿದೆ. ಸರಿಯಾಗಿ ಹೇಳುವುದಾದರೆ ಒಂದೇ ಸಲ ಬಂದಿತ್ತು. ಎರಡು ಸಲ ಹೋದಂತೆ ಮಾಡಿತ್ತು.

ಬೈಸಿಕೊಳ್ಳುವ ಕಾವು

ನಮ್ಮ ಕಡೆ ಮೈಗೆ ಏನಾದರೂ ಮೊದಲ ಆರೋಪಿ ಕಾವು. ಬಾಯಿ ಹುಣ್ಣಾದರೆ ಕಾವು, ಕಣ್ಣು ಉರಿದರೆ ಕಾವು, ತೊಡೆಸಂದಿಯಲ್ಲಿ ಕೆಂಪು ಬಳೆ ಎದ್ದರೂ ಕಾವು. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಈ ನಂಬಿಕೆ ಹುಟ್ಟಿದ್ದು ಸಹಜವೇ. ಆದರೆ ಶಿಲೀಂಧ್ರದ ಮಟ್ಟಿಗೆ ಈ ಆರೋಪ ಪೂರಾ ತಲೆಕೆಳಗು.

‘ಕಾಯು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಒಲೆಯ ಮೇಲೆ ನೀರು ಕಾಯುತ್ತದೆ. ಮಂಚಿಗೆಯ ಮೇಲೆ ಕುಳಿತವನು ಹೊಲ ಕಾಯುತ್ತಾನೆ. ಬಿಸಿಯಾಗುವುದಕ್ಕೂ ಪಹರೆ ಮಾಡುವುದಕ್ಕೂ ಒಂದೇ ಪದ. ನಮ್ಮ ಒಡಲೊಳಗಿನ ಬಿಸಿಯನ್ನು ವರ್ಣಿಸಲು ಇದಕ್ಕಿಂತ ಒಳ್ಳೆಯ ಮಾತು ಸಿಗದು. ಕಾಯ ಕಾದಿರುವುದರಿಂದಲೇ ಅದು ಕಾಯಲ್ಪಟ್ಟಿದೆ.

ಜರ್ಮನಿಯ ಲೈಪ್ಸಿಗ್‌ನ ವೈದ್ಯ ಕಾರ್ಲ್ ವುಂಡರ್ಲಿಷ್ ಸುಮಾರು 25 ಸಾವಿರ ರೋಗಿಗಳ ಕಂಕುಳಲ್ಲಿ ಉಷ್ಣಮಾಪಕ ಇಟ್ಟು ನೋಡಿ, 1868ರಲ್ಲಿ ಪ್ರಕಟಿಸಿದ ಗ್ರಂಥದಿಂದ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್, ಆರೋಗ್ಯದ ಅಳತೆಯಾಗಿ ನೆಲೆಯೂರಿತು. ಈಚಿನ ಲೆಕ್ಕಗಳಲ್ಲಿ ಸರಾಸರಿ ಅದಕ್ಕಿಂತ ತುಸು ಕಡಿಮೆ, 36.6ರ ಸುತ್ತಮುತ್ತ ಬರುತ್ತದೆ. ಈ ಅಂಕಿ ಕಲ್ಲಿನ ಗೆರೆಯಲ್ಲ. ನಸುಕಿನ ನಾಲ್ಕೈದು ಗಂಟೆಗೆ ಮೈ ಎಲ್ಲಕ್ಕಿಂತ ತಂಪಾಗಿರುತ್ತದೆ, ಇಳಿಹೊತ್ತಿಗೆ ಎಲ್ಲಕ್ಕಿಂತ ಬಿಸಿ. ನಡುವಿನ ವ್ಯತ್ಯಾಸ ಅರ್ಧದಿಂದ ಒಂದು ಡಿಗ್ರಿ. ಹೊರಗೆ 42 ಇರಲಿ 22 ಇರಲಿ, ಒಳಗಿನ ಒಲೆ ಈ ಸಣ್ಣ ಅಂತರದೊಳಗೇ ಉರಿಯುತ್ತಿರುತ್ತದೆ. ಕೋಳಿ ತಿಂದರೆ ಏರಿ, ಮಜ್ಜಿಗೆ ಕುಡಿದರೆ ಇಳಿಯುವ ಒಲೆ ಇದಲ್ಲ.

ಶಿಲೀಂಧ್ರಗಳ ಜಾತಿಗಳಲ್ಲಿ ಬಹುಪಾಲಿಗೆ ಈ ಬಿಸಿ ತಾಳದು. ವಿಜ್ಞಾನಿಗಳಾದ ವಿನ್ಸೆಂಟ್ ರಾಬರ್ಟ್ ಮತ್ತು ಆರ್ಟುರೊ ಕಸಾದೆವಾಲ್ ಸಾವಿರಾರು ಶಿಲೀಂಧ್ರ ತಳಿಗಳ ತಾಳಿಕೆಯನ್ನು ಹೋಲಿಸಿ 2009ರಲ್ಲಿ ಒಂದು ಲೆಕ್ಕ ಮುಂದಿಟ್ಟರು: 30ರಿಂದ 40 ಡಿಗ್ರಿಯ ನಡುವೆ ಒಂದೊಂದು ಡಿಗ್ರಿ ಏರಿದಂತೆ ಸುಮಾರು ಶೇ 6ರಷ್ಟು ತಳಿಗಳು ಹಿಂದೆ ಸರಿಯುತ್ತವೆ. ಕಪ್ಪೆ, ಮೀನು, ಗಿಡಮರಗಳನ್ನು ಶಿಲೀಂಧ್ರಗಳು ಹಿಂಡುಹಿಂಡಾಗಿ ಕೊಲ್ಲುತ್ತವೆ. ಬಿಸಿ ರಕ್ತದ ಪ್ರಾಣಿಗಳಿಗೆ ಆ ಗತಿ ಅಪರೂಪ. ಒಲೆ ಆರಿದಾಗ ಏನಾಗುತ್ತದೆ ಎಂಬುದನ್ನು ಉತ್ತರ ಅಮೆರಿಕದ ಬಾವಲಿಗಳು ತೋರಿಸಿದವು. ಚಳಿಗಾಲದ ದೀರ್ಘ ನಿದ್ದೆಯಲ್ಲಿ ಅವುಗಳ ಮೈ ಗುಹೆಯಷ್ಟೇ ತಣ್ಣಗಾಗುತ್ತದೆ. ಆ ಹೊತ್ತಿನಲ್ಲಿ ಮೂಗಿನ ಮೇಲೆ ಬಿಳಿ ಬೂಷ್ಟು ಹಿಡಿಸುವ ಒಂದು ಶಿಲೀಂಧ್ರ 2006ರ ನಂತರ ಅಲ್ಲಿ ಲಕ್ಷಗಟ್ಟಲೆ ಬಾವಲಿಗಳನ್ನು ಬಲಿ ತೆಗೆದುಕೊಂಡಿತು.

ಮೂರನೇ ಸಲ ನಾನು ಕೊನೆಗೂ ಚರ್ಮರೋಗ ತಜ್ಞರ ಮುಂದೆ ಕುಳಿತು, “ಮೈಯಾಗ ಕಾವು ಹೆಚ್ಚಾಗೈತಿ ಅಂತಾರ್ರಿ” ಎಂದಾಗ ಅವರು ತಲೆ ಎತ್ತದೆ ಬರೆಯುತ್ತಲೇ ಅಂದಿದ್ದು: “ಆ ಕಾವು ಇರೋದಕ್ಕ ಅದು ಚರ್ಮದ ಮ್ಯಾಲ ನಿಂತೈತಿ. ಇಲ್ಲಂದ್ರ ಒಳಗ ಬರತಿತ್ತು.”

ಎರಡು ಬಿಸಿಗಳ ನಡುವಿನ ನಾಡು

ಗಜಕರ್ಣದ ಶಿಲೀಂಧ್ರಗಳ ಆಹಾರ ಕೆರಟಿನ್. ಚರ್ಮದ ಮೇಲ್ಪದರ, ಕೂದಲು, ಉಗುರು ಅದರಿಂದಲೇ ಆದವು. ಅವುಗಳಲ್ಲಿ ಹೆಚ್ಚಿನವು ಹುಲುಸಾಗಿ ಬೆಳೆಯುವುದು 25ರಿಂದ 30 ಡಿಗ್ರಿಯ ಹದದಲ್ಲಿ. ಕೆಲವು ಜಾತಿಗಳು 37ನ್ನೂ ತಡೆದುಕೊಳ್ಳುತ್ತವೆ; ಆದರೂ ಒಳಗೆ ಇಳಿದರೆ ಅವಕ್ಕೆ ಬೇಕಾದ ಕಬ್ಬಿಣವನ್ನು ರಕ್ತದ ಪ್ರೋಟೀನುಗಳು ಬಿಗಿಹಿಡಿದಿರುತ್ತವೆ, ಬಿಳಿ ರಕ್ತಕಣಗಳು ಎದುರು ನಿಂತಿರುತ್ತವೆ. ಹೀಗಾಗಿ ಅವುಗಳ ಸಂಸಾರವೆಲ್ಲ ಚರ್ಮದ ಸತ್ತ ಪದರದಲ್ಲೇ. ಅಲ್ಲಿನ ಬಿಸಿ ಸಾಮಾನ್ಯವಾಗಿ 32ರಿಂದ 35 ಡಿಗ್ರಿ, ಪಾದದಲ್ಲಿ ಇನ್ನೂ ಕಡಿಮೆ.

ಒಳಗಿನ ಬಿಸಿ ಶಿಲೀಂಧ್ರಕ್ಕೆ ಆಗದು. ಹೊರಗಿನ ರಾಯಚೂರಿನ ಮೇ ತಿಂಗಳ ಒಣ ಬಿಸಿಲೂ ಆಗದು. ಬೆವರು ಹನಿಗಟ್ಟುವ ಮೊದಲೇ ಆರಿಹೋಗುತ್ತದೆ. ಅದಕ್ಕೆ ಒಗ್ಗುವುದು ಇವೆರಡರ ನಡುವಿನ ತೆಳು ಪಟ್ಟಿ: ಬಟ್ಟೆಗೂ ಚರ್ಮಕ್ಕೂ ನಡುವೆ, ತೊಡೆಗೂ ತೊಡೆಗೂ ನಡುವೆ, ಬೆರಳಿಗೂ ಬೆರಳಿಗೂ ನಡುವೆ. ಬಿಸಿಯಿದೆ, ಸುಡುವಷ್ಟಿಲ್ಲ, ಒದ್ದೆಯಿದೆ, ಗಾಳಿಯಿಲ್ಲ. ಕೃಷ್ಣೆ–ತುಂಗಭದ್ರೆಯರ ನಡುವಿನ ನಮ್ಮ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರಿದೆ. ಎರಡು ಹೊಳೆಗಳ ನಡುವಿನ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. ಮೈಮೇಲಿನ ಈ ಎಡೆಯೂ ಅಂಥದೇ. ಗೆದ್ದೆವು ಎಂದು ಬೆನ್ನು ತಿರುಗಿಸಿದರೆ ಎದುರಾಳಿ ಮತ್ತೆ ಬಂದು ಕೂಡುತ್ತಾನೆ.

ಈ ರೋಗಕ್ಕೆ ನಮ್ಮ ಜಿಲ್ಲೆಯಲ್ಲಿ ಹೆಸರುಗಳೂ ಹಲವು. ಕನ್ನಡದಲ್ಲಿ ಗಜಕರ್ಣ, ಆನೆಯ ಕಿವಿಯಷ್ಟು ಅಗಲವಾಗಿ ಹರಡುವುದರಿಂದ. ಹುಳುಕಡ್ಡಿ ಎನ್ನುವವರೂ ಉಂಟು. ಗಡಿಯ ತೆಲುಗಿನಲ್ಲಿ ತಾಮರ, ತಾವರೆಯಂತೆ ಅರಳುವುದರಿಂದ. ಉರ್ದು ಮನೆಗಳಲ್ಲಿ ದಾದ್. ಅದರ ಮೂಲ ಆಯುರ್ವೇದದ ದದ್ರು. ಹಳ್ಳಿಯವರು ಅರೆದು ಹಚ್ಚುವ ತಗಚೆ ಗಿಡಕ್ಕೆ ಸಂಸ್ಕೃತದಲ್ಲಿ ಚಕ್ರಮರ್ದ, ಚಕ್ರವನ್ನು ಹೊಸಕುವುದು ಎಂಬ ಹೆಸರಿದೆ. ಎಲ್ಲರಿಗೂ ಆಕಾರ ಕಂಡಿತ್ತು, ಕಾರಣ ಕಾಣಲಿಲ್ಲ. ಹುಳುವೇ ಕಾರಣ ಎಂಬ ಊಹೆ ಲೋಕದ ಹಲವು ಭಾಷೆಗಳಲ್ಲಿ ಇತ್ತು. 1840ರ ಆಸುಪಾಸಿನಲ್ಲಿ ಬರ್ಲಿನ್ನಿನ ರಾಬರ್ಟ್ ರೆಮಾಕ್, ಪ್ಯಾರಿಸ್ಸಿನ ಡೇವಿಡ್ ಗ್ರೂಬಿ ಸೂಕ್ಷ್ಮದರ್ಶಕದ ಕೆಳಗೆ ತಲೆಚರ್ಮದ ಹಕ್ಕಳೆ ಇಟ್ಟು ನೋಡಿದಾಗ ಕಂಡದ್ದು ಹುಳುವಲ್ಲ, ಕವಲೊಡೆದ ಎಳೆಗಳು, ಒಂದು ಬಗೆಯ ಬೂಷ್ಟು.

ಬಳೆಯ ಆಕಾರಕ್ಕೂ ಕಾರಣವಿದೆ. ಮೊಳೆತ ಜಾಗದಿಂದ ಶಿಲೀಂಧ್ರ ಸುತ್ತಲೂ ಹೊಸ ಚರ್ಮ ಹುಡುಕಿಕೊಂಡು ಹೊರಮುಖವಾಗಿ ಸಾಗುತ್ತದೆ, ಹುಲ್ಲಿಗೆ ಬಿದ್ದ ಬೆಂಕಿಯಂತೆ. ನಡುವೆ ತಣ್ಣಗಾಗಿ ಚರ್ಮ ತಿಳಿಯಾಗುತ್ತದೆ. ಅಂಚು ಕೆಂಪಾಗಿ, ಉಬ್ಬಿ, ಹೊಟ್ಟೇಳುತ್ತಾ ಮುನ್ನಡೆಯುತ್ತದೆ. ಅದಕ್ಕೇ ಪರೀಕ್ಷೆಗೆ ಹೊಟ್ಟು ಕೆರೆದುಕೊಳ್ಳುವುದು ಅಂಚಿನಿಂದ. ಅದನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕರಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಎಳೆಗಳು ಕಂಡುಬಿಡುತ್ತವೆ. ದೊಡ್ಡ ಯಂತ್ರ ಬೇಡದ, ಒಂದು ಗಂಟೆಯೊಳಗೆ ಮುಗಿಯುವ ಪರೀಕ್ಷೆ. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಮಾಡಿಸದೆ ಐದಾರು ಟ್ಯೂಬು ಖಾಲಿ ಮಾಡಿರುತ್ತಾರೆ.

ಕರಿಕೆ ಕಿತ್ತವರ ಕತೆ

ಎರೆ ಹೊಲದ ರೈತನಿಗೆ ‘ಮರುಕಳಿಕೆ’ಯನ್ನು ವಿವರಿಸಬೇಕಿಲ್ಲ. ಅವನು ಕರಿಕೆಯನ್ನು ಬಲ್ಲ. ಮೇಲೆ ಕೊಯ್ದರೆ ಹೊಲ ಹಸನಾದಂತೆ ಕಾಣುತ್ತದೆ. ಒಂದು ಮಳೆ ಬಿದ್ದರೆ ಸಾಕು, ನೆಲದೊಳಗೆ ಉಳಿದ ಗಿಣ್ಣುಗಳೆಲ್ಲ ಚಿಗುರುತ್ತವೆ. ಗಜಕರ್ಣದಲ್ಲಿ ಮೇಲೆ ಕಾಣುವ ಹುಲ್ಲು ಕೆರೆತ, ಕೆಂಪು. ಗಿಣ್ಣು ಉಳಿಯುವುದು ಚರ್ಮದ ಸತ್ತ ಪದರದಲ್ಲಿ ಮತ್ತು ಉದುರಿದ ಹೊಟ್ಟಿನಲ್ಲಿ.

ಎರಡನೇ ಸಲ ನಾನು ಮಾಡಿದ ತಪ್ಪು ಇದೇ. ವೈದ್ಯರು ಗುಳಿಗೆ, ಮುಲಾಮು ಎರಡೂ ಬರೆದಿದ್ದರು. ಹನ್ನೆರಡನೇ ದಿನಕ್ಕೆ ಕೆರೆತ ನಿಂತಿತು. ಚರ್ಮ ನುಣುಪಾಯಿತು. ಉಳಿದ ಗುಳಿಗೆಗಳನ್ನು ‘ಮುಂದೆ ಬೇಕಾದೀತು’ ಎಂದು ದೇವರ ಗೂಡಿನ ಪಕ್ಕ ಇಟ್ಟೆ. ಎರಡು ತಿಂಗಳಿಗೆ ಅವು ಬೇಕಾದವು, ಈ ಸಲ ನನಗಷ್ಟೇ ಅಲ್ಲ, ಮನೆಯಾಕೆಗೂ.

ಕೆರೆತ ಹುಟ್ಟುವುದು ನಮ್ಮ ಮೈಯ ಪ್ರತಿಭಟನೆಯಿಂದ. ಔಷಧ ಬಿದ್ದು ಶಿಲೀಂಧ್ರ ಕುಗ್ಗಿದರೆ ಪ್ರತಿಭಟನೆ ತಗ್ಗುತ್ತದೆ, ಸತ್ತಿದೆ ಎಂದಲ್ಲ. ಸೋಂಕು ಹಿಡಿದ ಮೇಲ್ಪದರ ಉದುರಿ, ಕೆಳಗಿನಿಂದ ಹೊಸದು ಬರಬೇಕು. ಇಡೀ ಮೇಲ್ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಹೀಗಾಗಿ ಈಗ ವೈದ್ಯರು ಮೈಮೇಲೆ ಹರಡಿದ ಗಜಕರ್ಣಕ್ಕೆ ವಾರಗಳ ಲೆಕ್ಕದಲ್ಲಿ ಔಷಧ ಬರೆಯುತ್ತಾರೆ: ನಾಲ್ಕು, ಆರು, ಕೆಲವೊಮ್ಮೆ ಎಂಟು, ಅದಕ್ಕೂ ಹೆಚ್ಚು. ಮುಲಾಮಿಗೆ ಅವರು ಹೇಳಿಕೊಡುವ ಎರಡರ ಸೂತ್ರವಿದೆ: ಕಾಣುವ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೆ, ದಿನಕ್ಕೆ ಎರಡು ಸಲ, ಚರ್ಮ ತಿಳಿಯಾದ ಮೇಲೂ ಎರಡು ವಾರ. (ದಿನಕ್ಕೊಮ್ಮೆ ಸಾಕಾಗುವ ಮುಲಾಮುಗಳೂ ಇವೆ, ಚೀಟಿಯಲ್ಲಿ ಬರೆದದ್ದೇ ಲೆಕ್ಕ.) ನಾವು ಮಾಡುವುದು ಇದರ ಉಲ್ಟಾ. ಕೆಂಪಿದ್ದಷ್ಟೇ ಜಾಗಕ್ಕೆ, ಕಡಿದಾಗ ಒಂದು ಸಲ, ಕಡಿತ ನಿಲ್ಲುವವರೆಗೆ.

ಸುಮ್ಮನಿರಿಸುವ ಟ್ಯೂಬು

ಆ ಹುಡುಗ ಒಯ್ದ ಟ್ಯೂಬಿನಲ್ಲಿ ಏನಿತ್ತು? ಇಂಥ ಟ್ಯೂಬುಗಳ ಹಿಂಬದಿಯ ಇರುವೆ ಅಕ್ಷರ ಓದಿದರೆ ಸಾಮಾನ್ಯವಾಗಿ ಮೂರು–ನಾಲ್ಕು ಹೆಸರು ಸಿಗುತ್ತವೆ. ಒಂದು ಶಿಲೀಂಧ್ರಕ್ಕೆ, ಒಂದೆರಡು ಬ್ಯಾಕ್ಟೀರಿಯಾಕ್ಕೆ, ಜತೆಗೆ ಒಂದು ಸ್ಟೆರಾಯ್ಡ್. ಹೆಚ್ಚಾಗಿ ಕ್ಲೊಬೆಟಸಾಲ್, ಚರ್ಮಕ್ಕೆ ಹಚ್ಚುವ ಸ್ಟೆರಾಯ್ಡುಗಳಲ್ಲೇ ಅತಿ ಬಲವಾದದ್ದು. ಸ್ಟೆರಾಯ್ಡ್ ಕೆಟ್ಟ ಔಷಧವಲ್ಲ. ಇಸುಬಿಗೆ ಅದೇ ಆಸರೆ. ಆದರೆ ಅದರ ಕೆಲಸ ಮೈಯ ಪ್ರತಿಭಟನೆಯನ್ನು ಅಡಗಿಸುವುದು. ಗಜಕರ್ಣಕ್ಕೆ ಅದನ್ನು ಹಚ್ಚುವುದೆಂದರೆ ಕಳ್ಳ ಹೊಕ್ಕಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಮನೆಯವರಿಗೆ ನಿದ್ದೆ ಬರುತ್ತದೆ, ನಿಜ.

ಎರಡೇ ದಿನದಲ್ಲಿ ಕೆರೆತ ಮಾಯ. ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ಹಾಜರು. ಮತ್ತೆ ಟ್ಯೂಬು. ತಿಂಗಳುಗಟ್ಟಲೆ ಹೀಗೇ ಸಾಗಿದರೆ ಬಳೆಯ ಅಂಚು ಮಸುಕಾಗಿ, ಒಂದರೊಳಗೊಂದು ಉಂಗುರ ಮೂಡಿ, ಅನುಭವಿ ವೈದ್ಯರಿಗೂ ಗುರುತು ಸಿಗದ ರೂಪ ತಾಳುತ್ತದೆ. ತೊಡೆಯ ಸಂದಿಯಲ್ಲಿ ಚರ್ಮ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿನಂಥ ಬರೆಗಳು ಬೀಳುತ್ತವೆ. ರೋಗ ವಾಸಿಯಾದರೂ ಆ ಬರೆ ಹೋಗುವುದಿಲ್ಲ.

ಭಾರತೀಯ ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಈ ಬಗ್ಗೆ ಕೂಗಿದ ಮೇಲೆ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರಕೂಡದು. ಕಾಯ್ದೆ ಪುಸ್ತಕದಲ್ಲಿದೆ, ಪತ್ರಿಕೆಯ ತುಂಡಿನಲ್ಲಿ ಸುತ್ತಿದ ಟ್ಯೂಬು ಜೇಬಿನಲ್ಲಿದೆ.

ಅರೆಬರೆ ಔಷಧ, ಅಡಗಿಸುವ ಟ್ಯೂಬು, ಇವುಗಳ ನಡುವೆ ಶಿಲೀಂಧ್ರವೂ ಪಾಠ ಕಲಿತಿದೆ. ಕಳೆದ ಹತ್ತು–ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಗಜಕರ್ಣ ಹಟಮಾರಿಯಾಗಿದೆ. ಅದರ ಹಿಂದಿರುವ ಮುಖ್ಯ ತಳಿಗೆ ಜಪಾನಿನ ಸಂಶೋಧಕರು 2020ರಲ್ಲಿ ಟ್ರೈಕೊಫೈಟಾನ್ ಇಂಡೋಟೀನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಕೂತಿದೆ. ಟರ್ಬಿನಫಿನ್ ಎಂಬ ಔಷಧ ಶಿಲೀಂಧ್ರದ ಕೋಶಪೊರೆಗೆ ಬೇಕಾದ ಸಾಮಗ್ರಿಯನ್ನು ತಯಾರಿಸುವ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಈ ತಳಿಯ ಬಹಳಷ್ಟು ಮಾದರಿಗಳಲ್ಲಿ ಆ ಕಿಣ್ವದ ರೂಪ ಬದಲಾಗಿದೆ. ಕೀಲಿ ಅದೇ, ಬೀಗ ಬೇರೆ. 2023ರಲ್ಲಿ ನ್ಯೂಯಾರ್ಕ್ ನಗರದ ಇಬ್ಬರು ಮಹಿಳೆಯರಲ್ಲಿ ಇದು ಪತ್ತೆಯಾದಾಗ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಹಾಗಾಗಿ ‘ನನಗೆ ಹೋದ ಸಲ ಈ ಗುಳಿಗೆಯಲ್ಲಿ ಹೋಗಿತ್ತು, ನೀನೂ ತಗೋ’ ಎಂಬ ಉಪಕಾರ ಈಗ ನಡೆಯುವುದಿಲ್ಲ. ಇಟ್ರಾಕೊನಜೋಲ್‌ನಂಥ ಬೇರೆ ಗುಳಿಗೆ ಬೇಕಾಗಬಹುದು. ಅದು ಹೃದಯ, ಯಕೃತ್ತಿನ ತೊಂದರೆ ಇದ್ದವರಿಗೆ, ಬೇರೆ ಗುಳಿಗೆ ನುಂಗುವವರಿಗೆ ಕೇಳಿಯೇ ಕೊಡಬೇಕಾದ ಔಷಧ.

ಜಳಕದಿಂದ ಕೌದಿಯವರೆಗೆ

ಔಷಧ ಸರಿಯಿದ್ದೂ ರೋಗ ಮರಳಿತೆಂದರೆ ದಿನಚರಿಯ ಕಡೆ ತಿರುಗಬೇಕು. ನಮ್ಮ ಊರುಗಳ ಒಂದು ದಿನವನ್ನು ಶಿಲೀಂಧ್ರದ ಕಣ್ಣಿಂದ ನೋಡಿ.

ಬೆಳಿಗ್ಗೆ ಜಳಕ. ಮನೆಮಂದಿಗೆಲ್ಲ ಒಂದೇ ಟವೆಲು. ಕೊನೆಯವರ ಸರದಿ ಬರುವಷ್ಟರಲ್ಲಿ ಅದು ಒರೆಸುವುದಿಲ್ಲ, ಹಂಚುತ್ತದೆ. ಅರೆ ಒದ್ದೆ ಮೈಗೆ ಬನಿಯನ್ನು, ಚಡ್ಡಿ. ಸೊಂಟದಲ್ಲಿ ಉಡದಾರ. ಎಲ್ಲ ಬಟ್ಟೆ ಬದಲಿಸುತ್ತೇವೆ, ಇದೊಂದನ್ನು ಬದಲಿಸುವುದಿಲ್ಲ. ನನ್ನ ಉಡದಾರವನ್ನು ಒಮ್ಮೆ ಬಿಳಿ ಕಾಗದದ ಮೇಲೆ ಹಿಂಡಿ ನೋಡಿದೆ: ಜಳಕವಾಗಿ ಎರಡು ತಾಸಾದರೂ ಕಂದು ಬಣ್ಣದ ತೇವ. ಅದು ತಾಗುವ ಗೆರೆಯುದ್ದಕ್ಕೂ ಕೆಂಪು. ಹೆಂಗಸರಿಗೆ ಲಂಗದ ಲಾಡಿ ಬಿಗಿದ ಜಾಗ ಇದೇ. ತೋಳಿನ ತಾಯತ, ಬಿಗಿ ಬಳೆ, ಉಂಗುರಗಳ ಅಡಿಯ ಕತೆಯೂ ಬೇರೆಯಲ್ಲ. ಉಡದಾರ ಬಿಡಲಾರದವರು ವಾಸಿಯಾಗುವವರೆಗೆ ಬಿಚ್ಚಿಟ್ಟು, ಆಮೇಲೆ ಹೊಸದು ಕಟ್ಟಿಕೊಂಡರೆ ದೇವರೇನೂ ಮುನಿಯುವುದಿಲ್ಲ.

ಹೊತ್ತೇರಿದಂತೆ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿ ಸೀಮೆಯಲ್ಲಿ, ನಾರಾಯಣಪುರ ಬಲದಂಡೆಯ ನೀರು ಬಂದ ದೇವದುರ್ಗದ ಹಳ್ಳಿಗಳಲ್ಲಿ ಭತ್ತದ ನಾಟಿ ಎಂದರೆ ದಿನವಿಡೀ ಮೊಣಕಾಲು ಮಟ್ಟ ಕೆಸರು. ಮಾನ್ವಿಯ ನಮ್ಮ ಚಿಕ್ಕವ್ವನ ಕಾಲ್ಬೆರಳ ಸಂದಿ ನಾಟಿ ಮುಗಿಯುವವರೆಗೆ ಬೆಳ್ಳಗೆ ನೆಂದಿರುತ್ತಿತ್ತು. ಆ ಕೆಸರುಹುಣ್ಣು ಶಿಲೀಂಧ್ರಕ್ಕೆ ತೆರೆದ ಬಾಗಿಲು. ಸಂಜೆ ಮನೆಗೆ ಬಂದು ಕಾಲು ತೊಳೆದರಷ್ಟೇ ಸಾಲದು. ಒಂದೊಂದು ಬೆರಳ ಸಂದಿಯನ್ನೂ ಒಣಬಟ್ಟೆಯಿಂದ ಒರೆಸಬೇಕು. ಅದಾಗದಿದ್ದರೆ ತೊಳೆದದ್ದೂ ಒದ್ದೆಯೇ. ರಾಯಚೂರಿನ ಗಂಜಿನ ಹಮಾಲರಿಗೆ, ಹತ್ತಿ ಗಿರಣಿ, ಅಕ್ಕಿ ಗಿರಣಿಗಳ ಕೂಲಿಗಳಿಗೆ, ಶಕ್ತಿನಗರದ ಬಾಯ್ಲರುಗಳ ಬಳಿ ದುಡಿಯುವವರಿಗೆ ಬೆವರೇ ಕೆಸರು. ಹತ್ತಿ ಬೆಳೆಯುವ ಜಿಲ್ಲೆಯ ಹುಡುಗರು ಮೇ ತಿಂಗಳಲ್ಲೂ ಗಾಳಿಯಾಡದ ಬಿಗಿ ಜೀನ್ಸು ತೊಡುವುದು ಈ ಕಾಲದ ವಿಚಿತ್ರ. ನಮ್ಮ ಅಜ್ಜಂದಿರ ಸಡಿಲ ಧೋತರ ಈ ವಿಷಯದಲ್ಲಿ ಬುದ್ಧಿವಂತ ಉಡುಪು.

ಇಳಿಹೊತ್ತಿಗೆ ಮೈ ಬಿಸಿ ಶಿಖರಕ್ಕೇರುತ್ತದೆ. ರಾತ್ರಿ ನಿದ್ದೆಗೆ ಸಜ್ಜಾಗಲು ದೇಹ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಬೇಕು; ಅದಕ್ಕೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಚರ್ಮ ಬೆಚ್ಚಗಾಗುತ್ತದೆ. ಉರಿಯೂತವನ್ನು ಹತೋಟಿಯಲ್ಲಿಡುವ ನಮ್ಮದೇ ಮೈಯ ಕಾರ್ಟಿಸೋಲ್ ಕೂಡ ಆ ಹೊತ್ತಿಗೆ ತಗ್ಗಿರುತ್ತದೆ. ಹಗಲಿನ ಗಡಿಬಿಡಿಯೂ ಇಲ್ಲ. ‘ರಾತ್ರಿ ಆತಂದ್ರ ಕಡಿತ’ ಎಂದು ಆ ಹುಡುಗ ಹೇಳಿದ್ದರ ಗುಟ್ಟು ಇದು. ಕಾವು ಹೆಚ್ಚಾಗಿ ರೋಗ ಬಂದದ್ದಲ್ಲ; ಇದ್ದ ರೋಗ ಆ ಹೊತ್ತಿಗೆ ಮಾತಾಡುತ್ತದೆ.

ನಮ್ಮಲ್ಲಿ ಬೇಸಿಗೆಯ ರಾತ್ರಿ ಎಂದರೆ ಕೂಲರ್. ನೀರನ್ನು ಆವಿಯಾಗಿಸಿಯೇ ಅದು ತಂಪು ಕೊಡುವುದು. ಕಿಟಕಿ ಮುಚ್ಚಿ ಹಚ್ಚಿದರೆ ಕೋಣೆಯ ಗಾಳಿ ತೇವದಿಂದ ಭಾರವಾಗಿ, ಮೈಯ ಬೆವರು ಆರುವುದೇ ಇಲ್ಲ. ಎದುರಿನ ಕಿಟಕಿ ತೆರೆದರೆ ಅದೇ ಕೂಲರ್ ಉಪಕಾರಿ.

ಇನ್ನು ಹಾಸಿಗೆ. ಅವ್ವನ ಹಳೆ ಸೀರೆಗಳ ಪದರ ಪದರ ಸೇರಿಸಿ ಹೊಲಿದ ಕೌದಿ ಇಲ್ಲದ ಮನೆ ಈ ಸೀಮೆಯಲ್ಲಿಲ್ಲ. ಒಂದು ಕೌದಿಯಡಿ ಮೂರು ಮಕ್ಕಳು. ಚರ್ಮದಿಂದ ಉದುರಿದ ಹೊಟ್ಟಿನಲ್ಲಿ ಶಿಲೀಂಧ್ರದ ಬೀಜಕಣಗಳು ತಿಂಗಳುಗಟ್ಟಲೆ ಜೀವ ಹಿಡಿದು ಕೂರಬಲ್ಲವು; ಕೌದಿಯ ಮಡಿಕೆಗಿಂತ ಒಳ್ಳೆಯ ಜಾಗ ಅವಕ್ಕೆ ಬೇಡ. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ತಗಡಿನ ಶೆಡ್ಡಿನಲ್ಲಿ ಹತ್ತು ಮಂದಿ ಒತ್ತಿಕೊಂಡು ಮಲಗುತ್ತಾರೆ. ಯುಗಾದಿಗೆ ಊರಿಗೆ ಮರಳುವಾಗ ಕೂಲಿಯ ಜತೆ ಇದನ್ನೂ ತರುತ್ತಾರೆ. ಮನೆಯಲ್ಲಿ ಒಬ್ಬರಿಗೆ ಔಷಧ ಮಾಡಿ ಉಳಿದವರನ್ನು ಬಿಟ್ಟರೆ ರೋಗ ಮನೆಯೊಳಗೇ ಸುತ್ತು ಹಾಕುತ್ತದೆ. ಕಡಿತ ಇರುವವರೆಲ್ಲರೂ ಒಂದೇ ಕಾಲಕ್ಕೆ ಔಷಧ ಮಾಡಬೇಕೆನ್ನುವುದು ಇದಕ್ಕೇ.

ಬಟ್ಟೆಯ ವಿಷಯದಲ್ಲಿ ನಮ್ಮ ಮಡಿವಾಳರಿಗೆ ಗೊತ್ತಿದ್ದದ್ದನ್ನು ವಾಷಿಂಗ್ ಮಷೀನು ಮರೆಸಿದೆ. ಹಿಂದೆ ಅವರು ಸವಳು ಹಾಕಿ ಬಟ್ಟೆಯನ್ನು ಉಬ್ಬೆಗೆ ಇಡುತ್ತಿದ್ದರು. ಭಾನಿಯಲ್ಲಿ ಹಬೆಯಾಡಿ ಬೆಂದ ಬಟ್ಟೆಯಲ್ಲಿ ಯಾವ ಬೂಷ್ಟೂ ಉಳಿಯುತ್ತಿರಲಿಲ್ಲ. ತಣ್ಣೀರಿನಲ್ಲಿ ತಿರುಗುವ ಮಷೀನು ಕೊಳೆ ತೆಗೆಯುತ್ತದೆ. ಬೀಜಕಣಗಳನ್ನು ಒಬ್ಬರ ಬಟ್ಟೆಯಿಂದ ಇನ್ನೊಬ್ಬರ ಬಟ್ಟೆಗೆ ದಾಟಿಸಲೂಬಹುದು. 60 ಡಿಗ್ರಿಯ ನೀರು ಬೇಕು, ಅಂದರೆ ಕೈ ಅದ್ದಲಾಗದಷ್ಟು ಬಿಸಿ. ಸೋಂಕಿದ್ದವರ ಒಳ ಉಡುಪು, ಟವೆಲುಗಳನ್ನು ಬೇರೆಯಾಗಿ ಅಂಥ ನೀರಿನಲ್ಲಿ ಅರ್ಧ ತಾಸು ನೆನೆಸಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಶ್ರಾವಣದ ಜಿಟಿಜಿಟಿಯಲ್ಲಿ ಒಣಗದಿದ್ದರೆ ಇಸ್ತ್ರಿ ಪೆಟ್ಟಿಗೆ ಇದೆ.

ಎಲ್ಲ ಮಚ್ಚೆಯೂ ಗಜಕರ್ಣವಲ್ಲ

ಬೆನ್ನು, ಎದೆಯ ಮೇಲೆ ಹಿಟ್ಟು ಉದುರಿದಂತೆ ಮೂಡುವ ಚಿಬ್ಬು ಬೇರೆ. ಅದರ ಯೀಸ್ಟು ಹೊರಗಿನಿಂದ ಬರುವುದಲ್ಲ, ಎಲ್ಲರ ಚರ್ಮದ ಜಿಡ್ಡಿನಲ್ಲೂ ಬಾಡಿಗೆಗಿರುತ್ತದೆ. ಸೆಕೆ, ಬೆವರು ಹೆಚ್ಚಿದಾಗ ಮಿತಿ ಮೀರುತ್ತದೆ. ಇದು ಪ್ರತಿ ಬೇಸಿಗೆಗೆ ಮರಳಿದರೆ ಔಷಧ ಸೋತಿತೆಂದಲ್ಲ. ಶಿಲೀಂಧ್ರ ಸತ್ತ ಮೇಲೂ ಬಿಳಿ ಕಲೆ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಅದನ್ನೇ ರೋಗವೆಂದು ಭಾವಿಸಿ ಮತ್ತೆ ಮತ್ತೆ ಔಷಧ ಹಚ್ಚುವವರಿದ್ದಾರೆ.

ಮಚ್ಚೆ ಇದ್ದು, ಕಡಿತವೇ ಇಲ್ಲದೆ, ಮುಟ್ಟಿದರೂ ಚುಚ್ಚಿದರೂ ತಿಳಿಯದಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬಾರದು. ಅದು ಕುಷ್ಠದ ಸುಳಿವು ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಪೂರ್ತಿ ಉಚಿತ, ಬೇಗ ಹೋದರೆ ಅಂಗವೈಕಲ್ಯವಿಲ್ಲದೆ ವಾಸಿ. ಗಜಕರ್ಣವೇ ಎಷ್ಟು ಮಾಡಿದರೂ ಮರಳುತ್ತಿದ್ದರೆ ಒಮ್ಮೆ ರಕ್ತದ ಸಕ್ಕರೆ ನೋಡಿಸುವುದು ಲೇಸು. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ಸಲಹೆ ಸಿಗುತ್ತದೆ. ರಾಯಚೂರಿನಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ಟ್ಯೂಬುಗಳ ದುಡ್ಡು ಕೂಡಿಸಿದರೆ ಬಸ್ಸಿನ ಚಾರ್ಜು ಎಷ್ಟೋ ಸಲ ಹೊರಡುತ್ತದೆ.

ಮೂರನೇ ಸಲ ನಾನು ಗೋಡೆಯ ಪಂಚಾಂಗದಲ್ಲಿ ದಿನ ಗುರುತು ಹಾಕಿಕೊಂಡು ಎಂಟು ವಾರ ಪೂರೈಸಿದೆ. ಹದಿನಾಲ್ಕನೇ ದಿನಕ್ಕೆ ಕೆರೆತ ನಿಂತಿತ್ತು. ಉಳಿದ ನಲವತ್ತೆರಡು ದಿನ ಏನೂ ಕಾಣದ ಚರ್ಮಕ್ಕೆ ಮುಲಾಮು ಹಚ್ಚುವುದೇ ನಿಜವಾದ ಚಿಕಿತ್ಸೆ, ಮತ್ತು ಅದೇ ಕಷ್ಟ. ಮನೆಯಾಕೆಯೂ ಜತೆಗೆ ಗುರುತು ಹಾಕಿದಳು. ಅವಳ ಸಾಲು ಕೆಂಪು, ನನ್ನದು ನೀಲಿ.

ಆ ವರ್ಷ ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊರಗೆ ಬಂದವು. ನಮ್ಮಲ್ಲಿ ಹಬ್ಬದ ಮುನ್ನ ಕೌದಿ ಒಗೆಯುವುದು ವಾಡಿಕೆ. ಅವ್ವ ಅಂಗಳದಲ್ಲಿ ಮೂರು ಕಲ್ಲಿಟ್ಟು ಹಂಡೆಯಲ್ಲಿ ನೀರು ಕುದಿಸಿದಳು, ಸೋಡಾ ಹಾಕಿ ಕೌದಿಗಳನ್ನು ಕೋಲಿನಿಂದ ಅದ್ದಿದಳು, ಕಾಲುವೆಯಲ್ಲಿ ಜಾಲಾಡಿ, ಮಟಮಟ ಮಧ್ಯಾಹ್ನ ಬಂಡೆಯ ಮೇಲೆ ಹರವಿದಳು. ಬರಿಗಾಲಲ್ಲಿ ನಿಲ್ಲಲಾಗದಷ್ಟು ಬಂಡೆ ಕಾದಿತ್ತು. ನಾನು ನೆರಳಿಗೆ ಸರಿದು ಬಿಸಿಲಿಗೆ ಬೈಯುತ್ತಿದ್ದೆ.

“ಬೈಬ್ಯಾಡ” ಅಂದಳು ಅವ್ವ, ಕೌದಿ ಮಗುಚುತ್ತಾ. “ಕಾಯಲಿ ಬಿಡು.”